ದಾಸೋಹವೂ ಊರೊಟ್ಟಿನ ತೋಟವೂ

|| ಶ್ರೀ ಗುರುಬಸವಲಿಂಗಾಯ ನಮಃ ||



ಲಿಂಗಾಯತ ಮಠವೆಂದೊಡನೆ ಲೋಕದ ಜನರ ಕಣ್ಣಮುಂದೆ ಮೊಟ್ಟಮೊದಲು ಬಂದು ನಿಲ್ಲತಕ್ಕ ಚಿತ್ರವು ದಾಸೋಹದ್ದು. ಗದ್ದುಗೆಯ ದರ್ಶನಕ್ಕೆ ಬಂದವನು ಯಾವ ಊರಿನವನು, ಯಾವ ಕುಲದವನು ಎಂದು ಕೇಳದೆ ಆತನನ್ನು ಪ್ರಸಾದಕ್ಕೆ ಕೂಡಿಸುವ ಪದ್ಧತಿಯು ಈ ನಾಡಿನ ಮಠಗಳಿಗೆ ಭೂಷಣಪ್ರಾಯವಾಗಿರುತ್ತದೆ. ತುಮಕೂರಿನ ಶ್ರೀ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಕಂಡವರು, ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (೧೯೦೭-೨೦೧೯) ಬಹುದೀರ್ಘಕಾಲ ಆರದಂತೆ ಕಾಪಾಡಿಕೊಂಡು ಬಂದ ಆ ಒಲೆಯ ಬೆಂಕಿಯನ್ನು ಎಂದಿಗೂ ಮರೆಯಲಾರರು. ಸಣ್ಣ ಊರಿನ ಸಣ್ಣ ಮಠದಲ್ಲಿಯಾದರೂ ಹಸಿದು ಬಂದವನಿಗೆ ಒಂದು ಹಿಡಿ ಅನ್ನವಿಲ್ಲವೆಂಬ ಮಾತು ಹೊರಡುವುದಿಲ್ಲ. ಇದು ಸರ್ವರಿಗೂ ವಿದಿತವಾದ ವಿಷಯವೇ ಸರಿ.

ಹೀಗಿರಲಾಗಿ ಈ ಮಹೋತ್ಸವದ ಸಮಯದಲ್ಲಿ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಉಚಿತವಾಗಿದೆ. ದಾಸೋಹದ ಮನೆಗೆ ಬಂದು ಸೇರುವ ಕಾಯಿಪಲ್ಯವು ಎಲ್ಲಿಂದ ಬರುತ್ತದೆ? ಹಳ್ಳಿಯ ಮಠವಾದರೆ ಭಕ್ತರ ಹೊಲಗದ್ದೆಗಳಿಂದ ಬರಬಹುದು. ಪಟ್ಟಣದ ಮಠಕ್ಕೂ, ಪಟ್ಟಣದಲ್ಲಿ ವಾಸಮಾಡತಕ್ಕ ಭಕ್ತರ ಮನೆಗಳಿಗೂ ಅದು ಪೇಟೆಯಿಂದ ಬರುತ್ತದೆ. ಪೇಟೆಗೆ ಲಾರಿಯಿಂದ ಬರುತ್ತದೆ. ಲಾರಿಗೆ ಎಲ್ಲಿಂದ ಬಂದಿತೆಂಬುದನ್ನು ಕೇಳುವವರಿಲ್ಲ. ದುಡ್ಡೂ ದಾರಿಯೂ ಇರುವವರೆಗೆ ಈ ವ್ಯವಸ್ಥೆಗೆ ಕುಂದಿಲ್ಲ. ಎರಡರಲ್ಲೊಂದು ಮುರಿದ ದಿನ ಪಟ್ಟಣದ ಬಡವನ ಗತಿ ಏನು? ಅದಕ್ಕೆ ಮಠಗಳೂ ಭಕ್ತರೂ ಮಾಡಬಹುದಾದದ್ದೇನು? ಇದೇ ಈ ಉಪನ್ಯಾಸದ ವಿಷಯವಾಗಿದೆ.

ಮೊದಲು ತತ್ತ್ವವನ್ನು ನೋಡೋಣವಾಗಲಿ. ಶರಣರ ಮತದಲ್ಲಿ ದಾಸೋಹವು ಒಂಟಿಯಾಗಿ ನಿಲ್ಲತಕ್ಕದ್ದಲ್ಲ. ಅದರ ಬೆನ್ನಿಗೆ ಕಾಯಕವಿದೆ. ತನ್ನ ಮೈಯ ದುಡಿಮೆಯಿಂದ ಬಂದದ್ದನ್ನು ಗುರುಲಿಂಗಜಂಗಮಕ್ಕೆ ಅರ್ಪಿಸಿ ಉಳಿದದ್ದನ್ನು ಪ್ರಸಾದವೆಂದು ಕೊಳ್ಳುವುದು ಅದರ ಕ್ರಮ. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದನು. ಆಯ್ದಕ್ಕಿ ಮಾರಯ್ಯನು ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡಿದನು. ಒಂದು ದಿನ ಆತನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಆತನ ಧರ್ಮಪತ್ನಿ ಲಕ್ಕಮ್ಮನು ಹಿಂದಿರುಗಿ ಕಳುಹಿಸಿದ ಕಥೆಯನ್ನು ಮಠದ ಮಕ್ಕಳೆಲ್ಲರೂ ಕೇಳಿಬಲ್ಲರು. ಈ ಕಥೆಯನ್ನು ನಿರಾಶೆಯ ದೃಷ್ಟಾಂತವೆಂದು, ಅಂದರೆ ಆಸೆಯನ್ನು ಬಿಟ್ಟ ಬಾಳಿನ ದೃಷ್ಟಾಂತವೆಂದು, ಹೇಳುವುದುಂಟು. ಅದು ಸತ್ಯವೇ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಅದೆಂತೆಂದರೆ, ಉಣ್ಣುವ ಅನ್ನವು ಎಲ್ಲಿಂದ ಬಂದಿತು, ಎಷ್ಟು ಬಂದಿತು, ಅದು ಯಾರ ಪಾಲು ಎಂಬುದನ್ನು ವಿಚಾರಿಸದೆ ಉಣಬಾರದೆಂಬುದೇ ಆ ಅರ್ಥ.

ಇಂದಿನ ಪಟ್ಟಣದ ದಾಸೋಹದಲ್ಲಿ ಬಡಿಸುವ ಕೈಗಳಿಗೆ ಕೊರತೆಯಿಲ್ಲ; ಅಕ್ಕಿ ಬೇಳೆಗಳ ಚೀಲವನ್ನು ಕಾಣಿಕೆಯಾಗಿ ತರುವ ಉದಾರಿಗಳಿಗೂ ಕೊರತೆಯಿಲ್ಲ. ಬೆಳೆಯುವ ಕೈಗಳು ಮಾತ್ರ ಕಾಣವು. ಕಾಯಕದ ಅರ್ಧವನ್ನು ಪೇಟೆಗೆ ಗುತ್ತಿಗೆ ಕೊಟ್ಟು ದಾಸೋಹದ ಅರ್ಧವನ್ನು ಮಾತ್ರ ಉಳಿಸಿಕೊಂಡಂತಾಗಿದೆ. ಈ ನ್ಯೂನತೆಯು ಧರ್ಮದ ದೃಷ್ಟಿಯಿಂದ ಮಾತ್ರವಲ್ಲದೆ ಲೌಕಿಕದ ದೃಷ್ಟಿಯಿಂದಲೂ ಅಪಾಯಕರವೆಂಬುದನ್ನು ಮುಂದೆ ತೋರಿಸಲಾಗುವುದು.

ಆಹಾರಭದ್ರತೆಯೆಂದರೇನು? ೧೯೯೬ರಲ್ಲಿ ರೋಮಾಪುರಿಯಲ್ಲಿ ಕೂಡಿದ ಜಾಗತಿಕ ಆಹಾರ ಸಮ್ಮೇಳನವು ಇದಕ್ಕೆ ಒಂದು ಲಕ್ಷಣವನ್ನು ಕಟ್ಟಿಕೊಟ್ಟಿತು. ಅದರ ತಾತ್ಪರ್ಯವೇನೆಂದರೆ, ಎಲ್ಲ ಜನರಿಗೂ ಎಲ್ಲ ಕಾಲದಲ್ಲಿಯೂ ಆರೋಗ್ಯಕ್ಕೆ ಬೇಕಾದಷ್ಟು, ನಿರಪಾಯವಾದ, ಸತ್ತ್ವವುಳ್ಳ ಆಹಾರವು ಕೈಗೆಟುಕುವಂತಿರಬೇಕು ಎಂಬುದು. ಇದರಲ್ಲಿ ಎರಡು ಮಾತುಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, "ಎಲ್ಲ ಕಾಲದಲ್ಲಿಯೂ" ಎಂಬುದು. ಇನ್ನೊಂದು, "ಸತ್ತ್ವವುಳ್ಳ" ಎಂಬುದು. ಹೊಟ್ಟೆ ತುಂಬಿದ ಮಾತ್ರಕ್ಕೆ ಭದ್ರತೆಯಾಗಲಿಲ್ಲ. ಇಂದು ತುಂಬಿದ ಮಾತ್ರಕ್ಕೂ ಆಗಲಿಲ್ಲ.

ಕಾಲದ ಮಾತಿಗೆ ದೃಷ್ಟಾಂತವನ್ನು ದೂರ ಹುಡುಕಬೇಕಾದದ್ದಿಲ್ಲ. ೨೦೨೦ನೆಯ ಇಸವಿಯ ಮಾರ್ಚಿಯ ಕೊನೆಯಲ್ಲಿ ಕೊರೋನಾ ಜಾಡ್ಯದ ನಿಮಿತ್ತ ದೇಶವೆಲ್ಲವೂ ಬಾಗಿಲು ಮುಚ್ಚಿದಾಗ ಕರ್ನಾಟಕದಲ್ಲಿ ಏನಾಯಿತೆಂಬುದು ಇನ್ನೂ ಜನರ ನೆನಪಿನಲ್ಲಿದೆ. ಒಂದು ಕಡೆಯಲ್ಲಿ ಹಳ್ಳಿಯ ರೈತನು ಸಾಗಿಸುವ ದಾರಿ ಕಾಣದೆ ಬೆಳೆದ ತರಕಾರಿಯನ್ನು ಹೊಲದಲ್ಲಿಯೇ ಕೊಳೆಯಲು ಬಿಟ್ಟನು. ಉತ್ತು ಮಣ್ಣಿಗೆ ಸೇರಿಸಿದವರೂ ಉಂಟು. ಇನ್ನೊಂದು ಕಡೆಯಲ್ಲಿ ಪಟ್ಟಣದ ಕೂಲಿಯವನು ಸಂಪಾದನೆಯಿಲ್ಲದೆ, ಪಡಿತರದ ಅಕ್ಕಿಯನ್ನು ಬೇಯಿಸಿಕೊಂಡು, ಅದಕ್ಕೆ ಕಲಸಿಕೊಳ್ಳಲು ಒಂದು ಹಿಡಿ ಸೊಪ್ಪಿಲ್ಲದೆ ಉಂಡನು. ಬೆಳೆದವನಿಗೂ ನಷ್ಟ, ಉಣ್ಣುವವನಿಗೂ ನಷ್ಟ. ನಡುವಿನ ದಾರಿಯೊಂದು ಮುಚ್ಚಿದ್ದರಿಂದ ಇಷ್ಟೆಲ್ಲ ಆಯಿತು. ಆ ಕಷ್ಟವು ಕೆಲವು ವಾರಗಳಲ್ಲಿ ಸಡಿಲವಾಯಿತು. ಸಡಿಲವಾಗದೆ ವರ್ಷಗಟ್ಟಲೆ ನಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ತಿಳಿಯಬೇಕಾದರೆ, ಅಂಥ ಪರೀಕ್ಷೆಗೆ ಗುರಿಯಾದ ಇನ್ನೊಂದು ಪಟ್ಟಣದ ವೃತ್ತಾಂತವನ್ನು ನೋಡಬೇಕು.

ಆ ಪಟ್ಟಣದ ಹೆಸರು ಹವಾನಾ. ಅಮೆರಿಕಾ ಖಂಡದ ಮಧ್ಯದ ಸಮುದ್ರದಲ್ಲಿರುವ ಕ್ಯೂಬಾ ದ್ವೀಪಕ್ಕೆ ಅದು ರಾಜಧಾನಿ. ಜನಸಂಖ್ಯೆ ಸುಮಾರು ೨೦ ಲಕ್ಷ. ಆ ದ್ವೀಪದ ಒಳ್ಳೆಯ ಭೂಮಿಯಲ್ಲಿ ಬಹುಭಾಗ ಕಬ್ಬನ್ನೇ ಬೆಳೆಯುತ್ತಿದ್ದರು. ಸಕ್ಕರೆಯನ್ನು ಸೋವಿಯೆತ್ ರಷ್ಯಕ್ಕೆ ಒಳ್ಳೆಯ ಬೆಲೆಗೆ ಮಾರಿ, ಬದಲಿಗೆ ಎಣ್ಣೆ, ಗೋಧಿ, ರಸಗೊಬ್ಬರ, ಯಂತ್ರಗಳನ್ನು ತರಿಸಿಕೊಳ್ಳುತ್ತಿದ್ದರು. ಜನರು ಉಣ್ಣುವ ಆಹಾರದ ಅರ್ಧಕ್ಕಿಂತಲೂ ಹೆಚ್ಚು ಭಾಗವು ಹಡಗಿನಲ್ಲಿ ಬರುತ್ತಿತ್ತು. ೧೯೯೧ರ ಡಿಸೆಂಬರಿನಲ್ಲಿ ಸೋವಿಯೆತ್ ಒಕ್ಕೂಟವೇ ಇಲ್ಲದಾಯಿತು. ನೆರೆಯ ಅಮೆರಿಕಾ ಸಂಯುಕ್ತ ಸಂಸ್ಥಾನವು ಮೊದಲಿನಿಂದಲೂ ವ್ಯಾಪಾರವನ್ನು ನಿಷೇಧಿಸಿತ್ತು. ೧೯೯೨ರಲ್ಲಿ ಆ ನಿಷೇಧವನ್ನು ಇನ್ನೂ ಬಿಗಿಮಾಡಿತು. ಹಡಗುಗಳು ನಿಂತವು. ಎಣ್ಣೆಯಿಲ್ಲದೆ ಟ್ರಾಕ್ಟರುಗಳು ನಿಂತವು. ರೈತರು ಮತ್ತೆ ಎತ್ತುಗಳನ್ನು ಪಳಗಿಸಿದರು. ಹಳ್ಳಿಯಲ್ಲಿ ಬೆಳೆದದ್ದನ್ನು ಪಟ್ಟಣಕ್ಕೆ ತರಲು ಲಾರಿಗೆ ಎಣ್ಣೆಯಿಲ್ಲ. ತಂದದ್ದನ್ನು ಕೆಡದಂತಿಡಲು ವಿದ್ಯುತ್ತಿಲ್ಲ. ಒಬ್ಬೊಬ್ಬ ಮನುಷ್ಯನಿಗೆ ದಿನಕ್ಕೆ ದೊರೆಯುತ್ತಿದ್ದ ಆಹಾರವು ಮೊದಲು ಸುಮಾರು ೨,೯೦೦ ಕ್ಯಾಲೊರಿಗಳಷ್ಟಿದ್ದದ್ದು ೧೯೯೩ರ ಹೊತ್ತಿಗೆ ೧,೯೦೦ರ ಆಸುಪಾಸಿಗೆ ಇಳಿಯಿತು.

ಆಗ ನಡೆದ ಒಂದು ಸಂಗತಿಯನ್ನು ದಾಸೋಹ ಮಾಡತಕ್ಕವರೆಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ೧೯೯೧ರ ಕೊನೆಯಿಂದ ಆ ದೇಶದಲ್ಲಿ ಜನರ ಕಣ್ಣು ಮಂಜಾಗತೊಡಗಿತು. ಬಣ್ಣಗಳ ಭೇದ ತಿಳಿಯದು, ಎದುರಿಗಿದ್ದವರ ಮುಖ ಕಾಣದು. ಕೆಲವರಿಗೆ ಕೈಕಾಲುಗಳು ಜೋಮುಹಿಡಿದವು. ೧೯೯೩ರಲ್ಲಿ ಈ ವ್ಯಾಧಿಯು ಮೇರೆ ಮೀರಿತು. ಒಟ್ಟು ೫೦,೦೦೦ಕ್ಕಿಂತ ಹೆಚ್ಚು ಜನರು ಅದಕ್ಕೆ ಗುರಿಯಾದರು. ವೈದ್ಯರು ಮೊದಲು ಯಾವುದೋ ಸಾಂಕ್ರಾಮಿಕವೆಂದು ಶಂಕಿಸಿದರು. ಕೊನೆಗೆ ತಿಳಿದದ್ದೇನೆಂದರೆ, ಆಹಾರದಲ್ಲಿ ಜೀವಸತ್ತ್ವಗಳು, ಅದರಲ್ಲಿಯೂ 'ಬಿ' ವರ್ಗದ ಜೀವಸತ್ತ್ವಗಳು, ಸಾಲದೆ ಹೋದದ್ದೇ ಅದಕ್ಕೆ ಮುಖ್ಯ ಕಾರಣ. ಹೊಗೆಸೊಪ್ಪು ಮದ್ಯಗಳ ಚಟವು ಅದನ್ನು ಉಲ್ಬಣಗೊಳಿಸಿತು. ಪಡಿತರದಲ್ಲಿ ಹೆಚ್ಚಿನ ಆಹಾರ ದೊರೆಯುತ್ತಿದ್ದ ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಆ ವ್ಯಾಧಿಯು ಬಹುಮಟ್ಟಿಗೆ ತಗಲಲಿಲ್ಲ. ಸರಕಾರದವರು ಮನೆಮನೆಗೂ ಜೀವಸತ್ತ್ವದ ಗುಳಿಗೆಗಳನ್ನು ಹಂಚಿದ ಮೇಲೆ ವ್ಯಾಧಿಯು ಇಳಿಮುಖವಾಯಿತು. ಅನ್ನ ಸಕ್ಕರೆಗಳು ಹಸಿವನ್ನು ಹಿಂದೂಡಬಲ್ಲವು. ಕಣ್ಣಿನ ಬೆಳಕನ್ನು ಕಾಯಲಾರವು. ಅನ್ನದ ಪಕ್ಕದಲ್ಲಿ ಬಡಿಸುವ ಪಲ್ಯವು ಅಲಂಕಾರಕ್ಕಾಗಿ ಇರುವುದಲ್ಲವೆಂಬ ಪಾಠವನ್ನು ಆ ಜನರು ಇಷ್ಟು ಬೆಲೆ ತೆತ್ತು ಕಲಿತರು.

ಇನ್ನು ಹವಾನಾ ಪಟ್ಟಣದ ಜನರು ಮಾಡಿದ್ದೇನು? ಅವರು ಕಾದು ಕುಳಿತುಕೊಳ್ಳಲಿಲ್ಲ. ಮನೆಯ ಹಿತ್ತಿಲು, ಬೀದಿಯ ಮೂಲೆಯ ಪಾಳು ನಿವೇಶನ, ಕಸ ಸುರಿಯುವ ತಿಪ್ಪೆಯ ಜಾಗ, ಕುಸಿದ ಕಟ್ಟಡದ ನೆಲ, ಇವುಗಳನ್ನು ನೆರೆಹೊರೆಯವರು ಕೂಡಿಕೊಂಡು ಹಸನುಮಾಡಿ ಸೊಪ್ಪು ತರಕಾರಿಗಳನ್ನು ಬಿತ್ತಿದರು. ಸರಕಾರವು ಅಂಥ ನೆಲವನ್ನು ಬಾಡಿಗೆಯಿಲ್ಲದೆ ಉಪಯೋಗದ ಹಕ್ಕಿನ ಮೇಲೆ ಕೊಟ್ಟಿತು. ನೆಲವನ್ನು ಮಾರುವಂತಿಲ್ಲ, ಪಾಳುಬಿಡುವಂತೆಯೂ ಇಲ್ಲ, ಬೆಳೆದುಕೊಂಡು ಉಣ್ಣಬಹುದು. ೧೯೯೪ರಲ್ಲಿ ಪಟ್ಟಣದ ಬೇಸಾಯಕ್ಕೆಂದೇ ಹವಾನಾದಲ್ಲಿ ಒಂದು ಇಲಾಖೆಯನ್ನು ತೆರೆದರು. ಬೀಜ ಗೊಬ್ಬರಗಳನ್ನು ಕೊಡಲಿಕ್ಕೂ ತಿಳುವಳಿಕೆ ಹೇಳಲಿಕ್ಕೂ ಬೀದಿಗಳಿಗೆ ಜನರನ್ನು ನೇಮಿಸಿದರು. ಅದೇ ವರ್ಷ ಬೆಳೆದವರು ತಮ್ಮ ಹೆಚ್ಚಿನ ಬೆಳೆಯನ್ನು ಸಂತೆಯಲ್ಲಿ ಮಾರಿಕೊಳ್ಳಲು ಅಪ್ಪಣೆಯಾಯಿತು.

ಅವರ ತೋಟದ ರೀತಿಯು ವಿಚಾರಯೋಗ್ಯವಾಗಿದೆ. ರಾಸಾಯನಿಕ ದ್ರವದಲ್ಲಿ ಗಿಡ ಬೆಳೆಸುವುದಕ್ಕೆಂದು ಮೊದಲು ಅಲ್ಲಿ ಕಾಂಕ್ರೀಟಿನ ತೊಟ್ಟಿಗಳನ್ನು ಕಟ್ಟಿದ್ದರು. ರಾಸಾಯನಿಕಗಳು ಬಾರದೆ ಹೋದಾಗ ಆ ತೊಟ್ಟಿಗಳಿಗೆ ಮಣ್ಣನ್ನೂ ಕೊಳೆತ ಗೊಬ್ಬರವನ್ನೂ ತುಂಬಿ ಬಿತ್ತಿದರು. ಇದಕ್ಕೆ ಅವರ ಭಾಷೆಯಲ್ಲಿ "ಆರ್ಗನೋಪೊನಿಕೊ" ಎಂದು ಹೆಸರಾಯಿತು. ಮುಂದೆ ತೊಟ್ಟಿಯಿಲ್ಲದ ಕಡೆಯಲ್ಲಿ ಕಲ್ಲು, ಹೆಂಚು, ಹಲಗೆ, ಸಿಕ್ಕಿದ್ದನ್ನು ಅಂಚಿಗೆ ನಿಲ್ಲಿಸಿ ಏರುಮಡಿಗಳನ್ನು ಕಟ್ಟಿದರು. ಎರೆಹುಳುಗೊಬ್ಬರ, ಸಗಣಿ, ಕಬ್ಬಿನ ಕಾರ್ಖಾನೆಯ ಮಡ್ಡಿ, ಇವೇ ಸಾರ. ಕೀಟಗಳಿಗೆ ತಡೆಯಾಗಿ ಮಡಿಯ ಅಂಚಿನಲ್ಲಿ ಚೆಂಡು ಹೂವನ್ನೂ ಜೋಳವನ್ನೂ ಹಾಕಿದರು. ಬೇವಿನಿಂದ ಮಾಡಿದ ಔಷಧವನ್ನು ಸಿಂಪಡಿಸಿದರು. ಭಾರತದ ಹಳ್ಳಿಯ ಅಜ್ಜಿಗೆ ತಿಳಿದಿದ್ದ ಬೇವಿನ ಗುಣವು ಸಮುದ್ರದ ಆಚೆಯ ಪಟ್ಟಣವನ್ನು ಉಳಿಸಲು ಹೋಯಿತೆಂಬುದು ಸಂತೋಷದ ಸಂಗತಿಯಲ್ಲವೇ?

ಹವಾನಾದ ಅಲಾಮಾರ್ ಎಂಬ ಬಡಾವಣೆಯಲ್ಲಿ ೧೯೯೭ರಲ್ಲಿ ನಾಲ್ಕೈದು ಜನರು ಕೂಡಿ ಪಾಳುನೆಲದ ಒಂದು ತುಂಡಿನಲ್ಲಿ ತೋಟವನ್ನು ಮೊದಲುಮಾಡಿದರು. ಅದು ಬೆಳೆಯುತ್ತ ಬೆಳೆಯುತ್ತ ಸುಮಾರು ೨೫ ಎಕರೆಯಷ್ಟಾಯಿತು. ನೂರಕ್ಕಿಂತ ಹೆಚ್ಚು ಜನರು ಸಹಕಾರಪದ್ಧತಿಯಲ್ಲಿ ಅಲ್ಲಿ ದುಡಿದು ಬಂದ ಲಾಭವನ್ನು ತಮ್ಮೊಳಗೆ ಹಂಚಿಕೊಳ್ಳುವಂತಾಯಿತು. ಸುತ್ತಲಿನ ಎತ್ತರದ ಮನೆಗಳವರು ಬೆಳಗ್ಗೆ ಕೊಯ್ದ ಸೊಪ್ಪನ್ನು ತೋಟದ ಬಾಗಿಲಲ್ಲಿಯೇ ಕೊಳ್ಳುತ್ತಿದ್ದರು. ಲಾರಿಯ ಮಾತೇ ಇಲ್ಲ.

ಆದರೆ ಒಳ್ಳೆಯ ದೃಷ್ಟಾಂತವನ್ನು ಹೇಳುವಾಗ ಅದರ ಮಿತಿಯನ್ನು ಮುಚ್ಚಿಡುವುದು ಸತ್ಯವಲ್ಲ. ಹವಾನಾದ ತೋಟಗಳು ಸೊಪ್ಪು ತರಕಾರಿಗಳನ್ನು ಕೊಟ್ಟವು. ಅಕ್ಕಿ ಗೋಧಿಗಳನ್ನು ಕೊಡಲಿಲ್ಲ, ಕೊಡಲೂ ಆರವು. ಕ್ಯೂಬಾ ದೇಶವು ತನ್ನ ಆಹಾರದ ಬಹುಭಾಗವನ್ನು ಈಗಲೂ ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ೨೦೨೦ರಿಂದೀಚೆಗೆ ಅಲ್ಲಿ ಮತ್ತೆ ಕೊರತೆಯು ತಲೆದೋರಿದೆ. ಆದಕಾರಣ ಊರೊಟ್ಟಿನ ತೋಟದಿಂದ ಪಟ್ಟಣದ ಹಸಿವೆಲ್ಲವೂ ನೀಗುವುದೆಂದು ಯಾರಾದರೂ ಹೇಳಿದರೆ ನಂಬಬಾರದು. ಅದರಿಂದ ಏನೂ ಆಗದೆಂದು ಹೇಳಿದರೂ ನಂಬಬಾರದು. ಎಷ್ಟಾಗುವುದೆಂಬುದನ್ನು ಲೆಕ್ಕಹಾಕಿ ನೋಡುವುದೇ ವಿವೇಕ.

ಆ ಲೆಕ್ಕವು ಹೀಗಿದೆ. ಐದು ಜನರ ಒಂದು ಕುಟುಂಬವನ್ನು ತೆಗೆದುಕೊಳ್ಳಿರಿ. ಆಳಿಗೆ ದಿನಕ್ಕೆ ೧೦೦ ಗ್ರಾಂ ಸೊಪ್ಪು ಎಂದರೆ ಕುಟುಂಬಕ್ಕೆ ದಿನಕ್ಕೆ ಅರ್ಧ ಕಿಲೋ, ತಿಂಗಳಿಗೆ ೧೫ ಕಿಲೋ. ಹದವಾದ ಮಡಿಯಲ್ಲಿ ಹರಿವೆಯ ಸೊಪ್ಪು ಬಿತ್ತಿದ ೨೫-೩೦ ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ; ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋ ದೊರೆಯುತ್ತದೆ. ಆದ್ದರಿಂದ ೪ ಅಡಿ ಅಗಲ, ೪೦ ಅಡಿ ಉದ್ದದ ಒಂದು ಏರುಮಡಿಯು ಒಂದು ಕುಟುಂಬಕ್ಕೆ ಸಾಕು. ಅದನ್ನು ನಾಲ್ಕು ಭಾಗಮಾಡಿ ವಾರಕ್ಕೊಂದು ಭಾಗವನ್ನು ಬಿತ್ತಿದರೆ ವಾರವಾರವೂ ಕೊಯ್ಲು. ಮೂವತ್ತು ಕುಟುಂಬಗಳಿಗೆ ಮೂವತ್ತು ಮಡಿ. ನಡೆಯುವ ದಾರಿ, ಗೊಬ್ಬರದ ಗುಂಡಿ, ನೀರಿನ ತೊಟ್ಟಿ ಎಲ್ಲವನ್ನೂ ಸೇರಿಸಿದರೆ ಸುಮಾರು ೭ ಗುಂಟೆ ನೆಲ. ಇದೇ ಮೂವತ್ತು ಕುಟುಂಬಗಳಿಗೆ, ಆಳಿಗೆ ದಿನಕ್ಕೆ ೩೦೦ ಗ್ರಾಂ ಅಕ್ಕಿಯಂತೆ ವರ್ಷದ ಅಕ್ಕಿಯನ್ನು ಒಂದೇ ಬೆಳೆಯಿಂದ ತೆಗೆಯಬೇಕಾದರೆ ಒಳ್ಳೆಯ ನೀರಾವರಿ ಗದ್ದೆ ಸುಮಾರು ೧೨ ಎಕರೆ ಬೇಕಾದೀತು. ಹನ್ನೆರಡು ಎಕರೆಯನ್ನು ಪಟ್ಟಣದ ನಡುವೆ ಹುಡುಕುವುದು ಹುಚ್ಚು. ಏಳು ಗುಂಟೆಯನ್ನು ಹುಡುಕದಿರುವುದು ಆಲಸ್ಯ. ದವಸವು ಹಳ್ಳಿಯ ಹೊಲದಿಂದಲೇ ಬರಲಿ, ಪಡಿತರದ ಅಂಗಡಿಯಿಂದಲೇ ಬರಲಿ. ಬಡವನ ಎಲೆಯಲ್ಲಿ ಮೊದಲು ಕಾಣೆಯಾಗತಕ್ಕ ಹಸುರನ್ನು ಪಟ್ಟಣವು ತಾನೇ ಬೆಳೆದುಕೊಳ್ಳಬಲ್ಲದು.

ಹಸುರು ಕಾಣೆಯಾದದ್ದರ ಫಲವು ಈ ನಾಡಿನಲ್ಲಿಯೂ ಎದ್ದು ಕಾಣುತ್ತಿದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆಯಿದೆ. ಪಡಿತರದ ಅಕ್ಕಿಯು ಮನೆಮನೆಗೂ ಮುಟ್ಟುತ್ತಿರುವ ರಾಜ್ಯದಲ್ಲಿಯೇ ಈ ಸ್ಥಿತಿ! ರಕ್ತಹೀನತೆಗೆ ಕಾರಣಗಳು ಅನೇಕವುಂಟು; ಸೊಪ್ಪೊಂದರಿಂದಲೇ ಅದು ಪರಿಹಾರವಾಗದು, ವೈದ್ಯರ ಸಲಹೆಯೂ ಬೇಕು. ಆದರೆ ಹರಿವೆ, ನುಗ್ಗೆ, ಹೊನಗೊನ್ನೆ, ಮೆಂತ್ಯ, ಬಸಳೆಗಳು ಹಿತ್ತಿಲಿನಿಂದ ಮಾಯವಾಗಿ ಪೇಟೆಯ ಬೆಲೆಯ ವಸ್ತುಗಳಾದ ಮೇಲೆ, ಮನೆಯಲ್ಲಿ ಕೊನೆಗೆ ಉಣ್ಣತಕ್ಕ ತಾಯಿಯ ಎಲೆಯಲ್ಲಿ ಅವು ಉಳಿಯುವುದು ದುರ್ಲಭವೆಂಬುದನ್ನು ಯಾರು ಅಲ್ಲಗಳೆಯುವರು?

ಇಲ್ಲಿ ಕೆಲವರು ಆಕ್ಷೇಪಿಸಬಹುದು: "ಬಡವನಿಗೆ ಕೂಲಿ ಕೊಡಿಸಿರಿ, ದುಡ್ಡು ಕೊಡಿರಿ, ಸನಿಕೆ ಕೊಟ್ಟು ನೆಲ ಅಗೆಯಿರಿ ಎಂದರೆ ಅದು ಉಪಕಾರವೋ ಪರಿಹಾಸವೋ?" ಎಂದು. ಈ ಆಕ್ಷೇಪಣೆಯು ಹೊಸದಲ್ಲ. ೧೮೯೩ರಲ್ಲಿ ಅಮೆರಿಕಾ ದೇಶದಲ್ಲಿ ವ್ಯಾಪಾರವು ಕುಸಿದು ಡೆಟ್ರಾಯಿಟ್ ಪಟ್ಟಣದ ಕೂಲಿಕಾರರು ಕೆಲಸವಿಲ್ಲದವರಾದಾಗ, ಅಲ್ಲಿಯ ನಗರಾಧ್ಯಕ್ಷನಾದ ಹೇಜ಼ನ್ ಪಿಂಗ್ರೀ ಎಂಬಾತನು ೧೮೯೪ರಲ್ಲಿ ಪಾಳುಬಿದ್ದ ನಿವೇಶನಗಳನ್ನು ಒಡೆಯರಿಂದ ಕೇಳಿ ಪಡೆದು, ನೂರಾರು ಬಡ ಕುಟುಂಬಗಳಿಗೆ ಹಂಚಿ, ಆಲೂಗೆಡ್ಡೆ ಮೊದಲಾದವನ್ನು ಬೆಳೆಸಿದನು. ಬಡವರು ಸೋಮಾರಿಗಳು, ಇದು ಫಲಿಸದೆಂದು ಸ್ಥಿತಿವಂತರು ನಕ್ಕರು. ಧರ್ಮಮಂದಿರಗಳಿಂದ ಬಂದ ಸಹಾಯವೂ ಅತ್ಯಲ್ಪ. ಆತನು ತನ್ನ ನೆಚ್ಚಿನ ಕುದುರೆಯನ್ನು ಹರಾಜಿಗಿಟ್ಟು ಬೀಜಕ್ಕೆ ಹಣ ಕೂಡಿಸಿದನೆಂದು ಆ ಊರಿನ ಚರಿತ್ರಕಾರರು ಹೇಳುತ್ತಾರೆ. ಬೆಳೆಯು ಬಂದಿತು, ನಕ್ಕವರ ಬಾಯಿ ಮುಚ್ಚಿತು, ಬೇರೆ ಪಟ್ಟಣಗಳವರೂ ಆ ದಾರಿಯನ್ನು ಹಿಡಿದರು. ೧೯೩೯ರಲ್ಲಿ ಯುದ್ಧವು ಮೊದಲಾಗಿ ಹಡಗುಗಳಿಗೆ ಅಪಾಯ ಬಂದಾಗ ಇಂಗ್ಲೆಂಡಿನ ಜನರೂ ಇದನ್ನೇ ಮಾಡಿದರು. ಲಂಡನ್ನಿನ ಪ್ರಾಚೀನ ಕೋಟೆಯ ಕಂದಕದಲ್ಲಿಯೂ ತರಕಾರಿ ಬೆಳೆಯಿತು. ಅಲ್ಲಿ ಸನಿಕೆ ಹಿಡಿದವರಲ್ಲಿ ಬಡವರೂ ಇದ್ದರು, ಸ್ಥಿತಿವಂತರೂ ಇದ್ದರು.

ಆಕ್ಷೇಪಣೆಗೆ ಉತ್ತರವು ಇದರಲ್ಲಿಯೇ ಇದೆ. ಬಡವನ ಕೈಗೆ ಮಾತ್ರ ಸನಿಕೆಯನ್ನು ಕೊಟ್ಟರೆ ಅದು ಪರಿಹಾಸವೇ ಸರಿ. ವಕೀಲನೂ ವರ್ತಕನೂ ಗುಮಾಸ್ತನೂ ಉಪಾಧ್ಯಾಯನೂ ಅವನ ಪಕ್ಕದ ಮಡಿಯಲ್ಲಿ ನಿಂತರೆ ಅದು ಕಾಯಕವಾಗುತ್ತದೆ. ಮಡಿವಾಳನನ್ನೂ ಅಂಬಿಗನನ್ನೂ ಮಂತ್ರಿಯನ್ನೂ ಒಂದೇ ಅನುಭವಮಂಟಪದಲ್ಲಿ ಕೂಡಿಸಿದ ಮತಕ್ಕೆ, ಒಂದೇ ತೋಟದಲ್ಲಿ ಕೂಡಿಸುವುದು ಅಸಾಧ್ಯವೇ? ಮಣ್ಣು ಮುಟ್ಟುವ ಕೆಲಸವು ಕೀಳೆಂಬ ಭಾವನೆಯು ಶರಣರ ಮಕ್ಕಳಲ್ಲಿ ಯಾವಾಗ ಬಂದು ಸೇರಿತೆಂಬುದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನು ಕೇಳಿಕೊಳ್ಳಬೇಕು.

ಇನ್ನು ಎಲ್ಲಕ್ಕಿಂತಲೂ ಮುಖ್ಯವಾದ ತೊಡಕು ನೆಲದ್ದು. ಪಟ್ಟಣದ ತೋಟಕ್ಕೆ ಹುಳುವಿಗಿಂತಲೂ ಬರಗಾಲಕ್ಕಿಂತಲೂ ದೊಡ್ಡ ಶತ್ರುವೆಂದರೆ ನಿವೇಶನದ ಬೆಲೆ. ನ್ಯೂಯಾರ್ಕ್ ಪಟ್ಟಣದಲ್ಲಿ ನೆರೆಹೊರೆಯವರು ಪಾಳುಜಾಗಗಳನ್ನು ಹಸನುಮಾಡಿ ವರ್ಷಗಟ್ಟಲೆ ಬೆಳೆಸಿದ್ದ ನೂರಕ್ಕೂ ಹೆಚ್ಚು ತೋಟಗಳನ್ನು ೧೯೯೯ರಲ್ಲಿ ಅಲ್ಲಿಯ ನಗರಾಡಳಿತವು ಹರಾಜುಹಾಕಲು ಹೊರಟಿತು. ಪಾಳಾಗಿದ್ದಾಗ ಯಾರಿಗೂ ಬೇಡವಾಗಿದ್ದ ನೆಲವು ಹಸನಾದ ಮೇಲೆ ಬೆಲೆಬಾಳುವಂತಾಗಿತ್ತು. ಕೊನೆಗೆ ಧರ್ಮಾರ್ಥ ಸಂಸ್ಥೆಗಳು ಹಣಕೊಟ್ಟು ಆ ತೋಟಗಳನ್ನು ಕೊಂಡು ಉಳಿಸಬೇಕಾಯಿತು. ಇದರಿಂದ ತಿಳಿಯತಕ್ಕದ್ದೇನು? ಮಾರಾಟಕ್ಕಿಲ್ಲದ ನೆಲದಲ್ಲಿ ಮಾತ್ರವೇ ಊರೊಟ್ಟಿನ ತೋಟವು ಸ್ಥಿರವಾಗಿ ನಿಲ್ಲಬಲ್ಲದು. ಪಟ್ಟಣದ ನಡುವೆ ಮಾರಾಟಕ್ಕಿಲ್ಲದ ನೆಲವು ಯಾರಲ್ಲಿದೆ? ಮಠಗಳಲ್ಲಿದೆ. ಭಕ್ತರು ದೇವರ ಕಾರ್ಯಕ್ಕೆಂದು ಬಿಟ್ಟ ಆ ನೆಲದ ಮೂಲೆಯಲ್ಲಿ ಏಳು ಗುಂಟೆಯು ಪಾಳಾಗಿದ್ದರೆ, ಅದು ಸಂಪತ್ತಲ್ಲ, ಸಲ್ಲದೆ ಉಳಿದ ಸಾಲ.

ಮಠದಲ್ಲಿ ನೆಲವೊಂದೇ ಅಲ್ಲ, ಗೊಬ್ಬರವೂ ಉಂಟು. ದಾಸೋಹದ ಮನೆಯಿಂದ ದಿನಂಪ್ರತಿ ಹೊರಬೀಳುವ ಬಾಳೆ ಎಲೆ, ತರಕಾರಿಯ ಸಿಪ್ಪೆ, ಪೂಜೆಯ ಹೂಪತ್ರೆ, ಇವು ಇಂದು ಕಸದ ಗಾಡಿಯಲ್ಲಿ ಊರಾಚೆಗೆ ಹೋಗಿ ಬೇರೆ ಹಳ್ಳಿಯವರ ಮೂಗಿಗೂ ನೀರಿಗೂ ಉಪದ್ರವವಾಗುತ್ತಿವೆ. ಒಣ ಎಲೆಯೊಂದಿಗೆ ಪದರ ಪದರವಾಗಿ ಗುಂಡಿಗೆ ಹಾಕಿ, ತೇವವನ್ನು ಕಾದು, ಆಗಾಗ ತಿರುವಿದರೆ ಮೂರು ನಾಲ್ಕು ತಿಂಗಳಲ್ಲಿ ಅದೇ ಕಪ್ಪು ಗೊಬ್ಬರವಾಗುತ್ತದೆ. ಮಠದ ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ತೊಟ್ಟಿಗೆ ಇಳಿಸಿದರೆ ತೋಟಕ್ಕೆ ಕೆಲವು ತಿಂಗಳ ನೀರಾಯಿತು. ಪ್ರಸಾದವು ಮಣ್ಣಿಗೆ ಮರಳಿ, ಮಣ್ಣು ಮತ್ತೆ ಪ್ರಸಾದವಾಗಿ ಬರುವುದಕ್ಕಿಂತ ಮಿಗಿಲಾದ ಅರ್ಪಣೆ ಯಾವುದು?

ಕಾರ್ಯಕ್ಕೆ ಕೈಹಾಕತಕ್ಕವರು ಕೆಲವು ವಿಷಯಗಳಲ್ಲಿ ಎಚ್ಚರವಾಗಿರಬೇಕು. ಮೊದಲನೆಯದು, ಮಣ್ಣಿನ ಮತ್ತು ನೀರಿನ ಶುದ್ಧಿ. ವಾಹನಗಳ ದಾರಿಯ ಅಂಚಿನಲ್ಲಿಯೂ ಹಳೆಯ ಕಾರ್ಖಾನೆಯ ಜಾಗದಲ್ಲಿಯೂ ಮಣ್ಣಿನೊಳಗೆ ಸೀಸ ಮೊದಲಾದ ವಿಷಲೋಹಗಳಿರಬಹುದು. ಚರಂಡಿಯ ನೀರನ್ನು ಕುಡಿದು ಬೆಳೆದ ಸೊಪ್ಪು ನೋಡಲು ಹಸುರಾಗಿದ್ದರೂ ಒಳಗೆ ವಿಷವನ್ನು ಹೊತ್ತಿರಬಹುದು. ಆದಕಾರಣ ಮಣ್ಣನ್ನು ಪರೀಕ್ಷೆಮಾಡಿಸಬೇಕು. ಸಂದೇಹವಿದ್ದ ಕಡೆಯಲ್ಲಿ ಹೊರಗಿನಿಂದ ಒಳ್ಳೆಯ ಮಣ್ಣನ್ನು ತಂದು ಏರುಮಡಿಯನ್ನು ಕಟ್ಟಬೇಕು. ಚರಂಡಿಯ ನೀರನ್ನು ಸರ್ವಥಾ ಬಳಸಬಾರದು. ಎರಡನೆಯದು, ಬಿಸಿಲು. ದಿನಕ್ಕೆ ಐದಾರು ಗಂಟೆಗಳ ಬಿಸಿಲಿಲ್ಲದ ಕಟ್ಟಡಗಳ ಸಂದಿಯಲ್ಲಿ ತೋಟಮಾಡಿ ನಿರಾಶರಾಗಬಾರದು. ಮೂರನೆಯದು, ಮಡಿಯ ಅಗಲವು ೪ ಅಡಿಗೆ ಮೀರಬಾರದು. ಹೆಂಗಸರೂ ಮುದುಕರೂ ಎರಡು ಕಡೆಯಿಂದಲೂ ಕೈಚಾಚಿ ಕಳೆಕೀಳುವಂತಿರಬೇಕು, ಮಡಿಯನ್ನು ತುಳಿಯುವಂತಾಗಬಾರದು.

ನಾಲ್ಕನೆಯದೂ ಎಲ್ಲಕ್ಕಿಂತ ಕಠಿನವಾದದ್ದೂ ಮನುಷ್ಯರ ಏರ್ಪಾಡು. ತೋಟಗಳು ಹುಳುಹಿಡಿದು ಕೆಡುವುದಕ್ಕಿಂತ ಜಗಳಹಿಡಿದು ಕೆಡುವುದೇ ಹೆಚ್ಚು. ಮೊದಲ ತಿಂಗಳು ಐವತ್ತು ಜನ, ಮೂರನೆಯ ತಿಂಗಳು ಹತ್ತು ಜನ, ಬೇಸಗೆಯಲ್ಲಿ ಒಬ್ಬನೇ ಮಾಲಿ ಎಂಬಂತಾಗಬಾರದು. ನೀರುಹಾಯಿಸುವ ಸರದಿಯನ್ನು ಬರೆದು ಬಾಗಿಲಲ್ಲಿ ತೂಗಹಾಕಬೇಕು. ಒಂದು ತಿಂಗಳು ಮಡಿಯನ್ನು ಕಡೆಗಣಿಸಿದವನಿಗೆ ತಿಳಿಹೇಳಬೇಕು. ಎರಡನೆಯ ತಿಂಗಳು ಅದನ್ನು ಕಾದಿರುವ ಇನ್ನೊಬ್ಬನಿಗೆ ಕೊಡಬೇಕು. ಬಾಡಿಗೆಮನೆಯವರಿಗೂ ಕೂಲಿಯವರಿಗೂ ಮೊದಲ ಪಾಲು ಸಲ್ಲಬೇಕು. ಹಿತ್ತಿಲುಳ್ಳವರು ಮಠದ ಮಡಿಯನ್ನು ಕೇಳಬಾರದು. ಕುಲಮತಗಳ ಪ್ರಶ್ನೆಯು ದಾಸೋಹದ ಪಂಕ್ತಿಯಲ್ಲಿ ಹೇಗೆ ಇಲ್ಲವೋ ತೋಟದ ಬಾಗಿಲಲ್ಲಿಯೂ ಹಾಗೆಯೇ ಇರಬಾರದು. ಬೆಳೆದದ್ದರಲ್ಲಿ ಒಂದು ಭಾಗವು ಬೆಳೆದವನ ಮನೆಗೆ, ಒಂದು ಭಾಗವು ದಾಸೋಹಕ್ಕೆ. ಮನೆಗೆ ಬೇಕಾದದ್ದಕ್ಕಿಂತ ಮಿಗಿಲಾದದ್ದನ್ನು ಪಕ್ಕದ ಮನೆಗೆ ಕೊಡಬೇಕೇ ಹೊರತು ಕೊಳೆಯಿಸಬಾರದು. ಲಕ್ಕಮ್ಮನ ಕಥೆಯು ಕೇಳುವುದಕ್ಕೆ ಮಾತ್ರ ಇರುವುದಲ್ಲ.

ಇದರಿಂದ ಮಠದ ಕಾಯಿಪಲ್ಯದ ಖರ್ಚಿನಲ್ಲಿ ಎಷ್ಟು ಉಳಿದೀತೆಂದು ಲೆಕ್ಕಿಗರು ಕೇಳಬಹುದು. ಮೊದಲ ವರ್ಷ ಬಹುಶಃ ಏನೂ ಉಳಿಯದು. ಮಣ್ಣು, ಬೇಲಿ, ಬೀಜಗಳಿಗೆ ಖರ್ಚೇ ಆದೀತು. ಆದರೆ ಆ ವರ್ಷದ ಕೊನೆಗೆ ಮೂವತ್ತು ಮನೆಗಳವರಿಗೆ ಬಿತ್ತುವುದು, ಕಳೆಕೀಳುವುದು, ಬೀಜ ಕಾಯುವುದು ತಿಳಿದಿರುತ್ತದೆ. ಅವರ ಮಕ್ಕಳು ಮೆಂತ್ಯ ಯಾವುದು ಹರಿವೆ ಯಾವುದು ಎಂದು ಗುರುತಿಸಬಲ್ಲವರಾಗಿರುತ್ತಾರೆ. ದಾರಿ ಮುಚ್ಚಿದ ದಿನ ಈ ವಿದ್ಯೆಯನ್ನು ಪೇಟೆಯಲ್ಲಿ ಕೊಳ್ಳಲು ಸಿಕ್ಕದು. ಹವಾನಾದ ಜನರು ಅದನ್ನು ಹಸಿದ ಮೇಲೆ ಕಲಿಯಬೇಕಾಯಿತು. ಕಲಿಯುವಷ್ಟರಲ್ಲಿ ಸಹಸ್ರಾರು ಜನರ ಕಣ್ಣು ಮಂಜಾಗಿತ್ತು. ಹೊಟ್ಟೆ ತುಂಬಿರುವಾಗಲೇ ಕಲಿತುಕೊಳ್ಳುವ ಭಾಗ್ಯವು ಇಲ್ಲಿಯ ಭಕ್ತರಿಗೆ ಇನ್ನೂ ಇದೆ.

ಕೊನೆಯದಾಗಿ ಒಂದು ಸ್ಮರಣೆ. ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯಲ್ಲಿ ನೆಲಸಿದ ಶ್ರೀ ಸಿದ್ಧಲಿಂಗ ಯತಿಗಳವರು ಷಟ್‌ಸ್ಥಲದ ಮಹಾನುಭಾವರು, ವಿರಕ್ತಪರಂಪರೆಗೆ ದಾರಿದೀಪವಾದವರು. ಅವರು ಶಿವಯೋಗದಲ್ಲಿ ಕುಳಿತದ್ದು ಅರಮನೆಯಲ್ಲಿಯೂ ಅಲ್ಲ, ಘೋರಾರಣ್ಯದಲ್ಲಿಯೂ ಅಲ್ಲ. ಕಗ್ಗೆರೆಯ ಒಂದು ತೋಟದಲ್ಲಿ. ಆದಕಾರಣವೇ ಲೋಕವು ಅವರನ್ನು ತೋಂಟದ ಸಿದ್ಧಲಿಂಗರೆಂದು ಕರೆಯಿತು. ಗುರುವಿನ ಹೆಸರಿನಲ್ಲಿಯೇ ತೋಟವಿರುವಾಗ ಮಠದ ಹಿತ್ತಿಲು ಪಾಳಾಗಿರಬಹುದೇ? ಮಹೋತ್ಸವದ ಚಪ್ಪರವು ಇನ್ನು ಕೆಲವು ದಿನಗಳಲ್ಲಿ ಇಳಿಯುವುದು. ಅದರ ಗಳುಗಳನ್ನು ನೆಟ್ಟ ಕುಳಿಗಳನ್ನು ಮುಚ್ಚುವುದಕ್ಕೆ ಮುಂಚೆ, ಅದೇ ನೆಲದಲ್ಲಿ ಮೊದಲ ಏರುಮಡಿಯನ್ನು ಕಟ್ಟಿ ಒಂದು ಹಿಡಿ ಹರಿವೆಯ ಬೀಜವನ್ನ ಎರಚಿದರೆ, ಮುಂದಿನ ತಿಂಗಳ ಪಂಕ್ತಿಯಲ್ಲಿ ಅದರ ಪಲ್ಯವನ್ನು ಬಡಿಸಬಹುದು. ಅಂಥ ಸದ್ಬುದ್ಧಿಯನ್ನೂ ಅದಕ್ಕೆ ಬೇಕಾದ ತೋಳಿನ ಬಲವನ್ನೂ ಪರಮಾತ್ಮನು ಸರ್ವರಿಗೂ ಕರುಣಿಸಲಿ.



|| ಮಂಗಳಂ ||